ಸಹಾಯ ಬೇಕು: ಆನ್ಸಿಬಲ್‌ನಲ್ಲಿ ಲೂಪೂ ಬೇಕು, ಟ್ಯಾಗೂ ಬೇಕು

ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಸರ್ವರ್ ಕೆಲಸಗಳನ್ನು ತಾನಾಗಿ ಮಾಡಿಸುವ ಆನ್ಸಿಬಲ್ ಬಳಸುತ್ತೇನೆ. ಯೂಸರ್ ಅಕೌಂಟ್ ತೆರೆಯುವ ಟಾಸ್ಕ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು, ಬೇರೆ ಬೇರೆ ಪ್ಲೇಬುಕ್‌ಗಳಿಂದ (ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟ ಫೈಲ್‌ಗಳು) ಕರೆಯುತ್ತಿದ್ದೇನೆ. ಎಲ್ಲ ಕಡೆ ಸುಮ್ನೆ ಕಾಪಿ ಮಾಡಿಟ್ಟರೆ ಮುಂದೆ ತಿದ್ದುವವರಿಗೆ ಕಷ್ಟ ಅಲ್ವಾ?

ಮೊದಲು, ಆ ಫೈಲನ್ನು ಪ್ಲೇಬುಕ್ ಓದುವಾಗಲೇ ಸೇರಿಸುವ ಇಂಪೋರ್ಟ್_ಟಾಸ್ಕ್ಸ್ ಹಾಕಿದೆ. ಅದಕ್ಕೆ ಕೊಟ್ಟ ಟ್ಯಾಗ್ (ಆಯ್ದ ಟಾಸ್ಕ್‌ಗಳನ್ನು ಮಾತ್ರ ಓಡಿಸಲು ಹಾಕುವ ಗುರುತು) ಫೈಲಿನ ಒಳಗಿನ ಟಾಸ್ಕ್‌ಗಳಿಗೂ ಹೋಯಿತು, ಆದರೆ ಅದಕ್ಕೆ ಲೂಪ್ (ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಅದೇ ಕೆಲಸ ಮತ್ತೆ ಮಾಡಿಸುವುದು) ಹಾಕಲು ಬಿಡುವುದಿಲ್ಲ. ಪ್ಲೇಬುಕ್ ಓಡುವಾಗ ಫೈಲನ್ನು ಸೇರಿಸುವ ಇನ್‌ಕ್ಲೂಡ್_ಟಾಸ್ಕ್ಸ್‌ಗೆ ಬದಲಾಯಿಸಿದೆ. ಲೂಪ್ ಓಡಿತು. ಆದರೆ ಟ್ಯಾಗ್ ಕೊಟ್ಟು ಓಡಿಸಿದರೆ ಇನ್‌ಕ್ಲೂಡ್ ಸಾಲು ಮಾತ್ರ ನಡೆದು, ಒಳಗಿನದ್ದೆಲ್ಲ ಬಿಟ್ಟುಹೋಗುತ್ತದೆ. ಇನ್‌ಕ್ಲೂಡ್‌ನ ಅಪ್ಲೈ (ಒಳಗಿನ ಎಲ್ಲ ಟಾಸ್ಕ್‌ಗಳಿಗೂ ಅನ್ವಯಿಸುವ ಭಾಗ) ಕೆಳಗೂ ಟ್ಯಾಗ್ ಕೊಟ್ಟರೆ ಒಳಗಿರುವುದೆಲ್ಲ ಓಡುತ್ತದೆ. ನನಗೆ ಬೇಕಿರುವುದು ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಕೀ) ಹಾಕುವ ಟಾಸ್ಕ್ ಒಂದೇ.

ಇನ್‌ಕ್ಲೂಡ್ ಸಾಲಿಗೆ ಆಲ್ವೇಸ್ ಟ್ಯಾಗ್ (ಯಾವ ಟ್ಯಾಗ್ ಕೊಟ್ಟು ಓಡಿಸಿದರೂ ನಡೆಯುವಂಥದ್ದು) ಹಾಕಿ, ಒಳಗೆ ಆ ಟಾಸ್ಕ್‌ಗೆ ಮಾತ್ರ ಬೇರೆ ಟ್ಯಾಗ್ ಇಟ್ಟರೆ ಸಾಕೇ? ಅಥವಾ ಎರಡೂ ಕಡೆ ಒಂದೇ ಟ್ಯಾಗ್ ಬರೆಯುವುದು ಒಳ್ಳೆಯದೇ? ದೊಡ್ಡ ಪ್ಲೇಬುಕ್‌ಗಳಲ್ಲಿ ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.