ಚಾರ್ಟ್ ಪೂರ್ತಿ ಓದುತ್ತೇನೆ, ಶಟಲ್ ಮಾತ್ರ ತಪ್ಪಿಹೋಗುತ್ತದೆ

ಪ್ರಶ್ನೆ: ಡಾಕ್ಟ್ರೇ, ಹೋದ ವರ್ಷ ನನ್ನ ಬಲಗಣ್ಣಿಗೆ ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಊತ) ಆಗಿತ್ತು. ಈಗ ದೃಷ್ಟಿ 6/6 ಇದೆ. ಆದರೂ ಶಟಲ್ ಆಡುವಾಗ ಅಡ್ಡ ಹೋಗುವ ಹೊಡೆತ ಸಿಗುವುದೇ ಇಲ್ಲ. ರಸ್ತೆ ದಾಟುವಾಗ ಬೈಕ್‌ಗಳು ನೇರ ಹೋಗದೆ ಬಾಗಿದ ಹಾಗೆ ಕಾಣುತ್ತವೆ. ತೋರಿಸಿದ ಕಡೆ "ಎಲ್ಲಾ ನಾರ್ಮಲ್, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂದರು. ಇದು ನಿಜವಾಗಿ ಟೆನ್ಷನ್ನೇನಾ?

ಉತ್ತರ (ಕಣ್ಣಿನ ಡಾಕ್ಟರ್): ಅಲ್ಲ. ನೀವು ಹೇಳುತ್ತಿರುವುದು ಪುಲ್‌ಫ್ರಿಷ್ ಪರಿಣಾಮದ ಹಾಗೇ ಇದೆ, ಅಂದರೆ ಒಂದು ಕಣ್ಣಿನ ಸುದ್ದಿ ತಡವಾಗಿ ಮುಟ್ಟಿ, ಚಲಿಸುವ ವಸ್ತುವಿನ ದೂರ ತಪ್ಪಾಗಿ ಕಾಣುವುದು. ಚಾರ್ಟಿನ ಅಕ್ಷರ ನಿಂತಲ್ಲೇ ನಿಂತಿರುತ್ತದೆ, ಅಲ್ವಾ? ಕಣ್ಣಿನ ಸುದ್ದಿ ಮೆದುಳಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಊತದಲ್ಲಿ ನರದ ಮಯಲಿನ್ ಹೊದಿಕೆ ಹಾಳಾದರೆ ಸಂಕೇತ ನಿಧಾನವಾಗುತ್ತದೆ. 20 ಮಿಲಿಸೆಕೆಂಡ್ ತಡ ಅಂದುಕೊಳ್ಳಿ. ಗಂಟೆಗೆ 36 ಕಿ.ಮೀ. ವೇಗದ ಬೈಕ್ ಅಷ್ಟರಲ್ಲಿ 20 ಸೆಂ.ಮೀ. ಮುಂದೆ ಹೋಗಿರುತ್ತದೆ. ಬಲಗಣ್ಣು ಹಳೆಯ ಜಾಗ ತೋರಿಸುತ್ತದೆ, ಎಡಗಣ್ಣು ಹೊಸದನ್ನು. ಒಂದು ಕಣ್ಣು ಲೇಟು ಅಂತ ಮೆದುಳಿಗೆ ಹೊಳೆಯುವುದಿಲ್ಲ. ಎರಡು ಚಿತ್ರಕ್ಕೆ ವ್ಯತ್ಯಾಸ ಕಂಡರೆ ಅದನ್ನು ದೂರ-ಹತ್ತಿರದ ಲೆಕ್ಕಕ್ಕೆ ಹಾಕಿಬಿಡುತ್ತದೆ. ಬಲಗಣ್ಣು ತಡವಾದರೆ, ಎಡದಿಂದ ಬಲಕ್ಕೆ ಹೋಗುವುದು ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಬಲದಿಂದ ಎಡಕ್ಕೆ ಹೋಗುವುದು ದೂರ ಕಾಣುತ್ತದೆ. ನಮ್ಮ ರಸ್ತೆಗಳಲ್ಲಿ ಫುಟ್‌ಪಾತ್ ಪಕ್ಕದ ಗಾಡಿ ಬರುವುದೇ ಬಲಗಡೆಯಿಂದ. ಹಾಗಾಗಿ ಸದ್ಯಕ್ಕೆ ಸಿಗ್ನಲ್ ಇರುವಲ್ಲೇ ದಾಟಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ದಾರಕ್ಕೆ ಬೀಗದ ಕೈ ಕಟ್ಟಿ, ನಿಮ್ಮೆದುರು ಎಡಕ್ಕೂ ಬಲಕ್ಕೂ ತೂಗಲು ಯಾರಿಗಾದರೂ ಹೇಳಿ. ಎರಡೂ ಕಣ್ಣು ತೆರೆದು ನೋಡಿ. ನೇರ ತೂಗುವ ಬದಲು ಮೊಟ್ಟೆಯಾಕಾರದಲ್ಲಿ ಸುತ್ತಿದಂತೆ ಕಂಡರೆ ಅನುಮಾನ ಗಟ್ಟಿ. ಆಮೇಲೆ ಕೂಲಿಂಗ್ ಗ್ಲಾಸಿನ ಒಂದು ಗಾಜನ್ನು ಎಡಗಣ್ಣಿಗೆ ಮಾತ್ರ ಹಿಡಿಯಿರಿ. ಬೆಳಕು ಕಮ್ಮಿಯಾದರೆ ರೆಟಿನಾ ನಿಧಾನವಾಗುತ್ತದೆ. ಎರಡೂ ಕಣ್ಣು ಒಂದೇ ಸಮ ಲೇಟಾದರೆ ಸುತ್ತುವುದು ನಿಲ್ಲುತ್ತದೆ. ಪರಿಹಾರವೂ ಇದೇ: ಚೆನ್ನಾಗಿರುವ ಕಣ್ಣಿನ ಕಡೆ ತಿಳಿಗಪ್ಪು ಗಾಜಿನ ಕನ್ನಡಕ. ಎಷ್ಟು ಕಪ್ಪು ಅನ್ನುವುದನ್ನು ಹಾಕಿಸಿ ನೋಡಿಯೇ ತೀರ್ಮಾನಿಸಬೇಕು.

ವಿ.ಇ.ಪಿ. (ವಿಶುವಲ್ ಇವೋಕ್ಡ್ ಪೊಟೆನ್ಷಿಯಲ್) ಪರೀಕ್ಷೆ ಮಾಡಿಸಿ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಪರದೆಯಲ್ಲಿ ಕಪ್ಪು-ಬಿಳಿ ಚೌಕಗಳು ಅದಲುಬದಲಾಗುತ್ತವೆ, ತಲೆಯ ಹಿಂದೆ ಅಂಟಿಸಿದ ಎಲೆಕ್ಟ್ರೋಡ್ ಮೆದುಳಿನ ಅಲೆ ಹಿಡಿಯುತ್ತದೆ. ಮುಖ್ಯ ಅಲೆ ಸುಮಾರು 100 ಮಿಲಿಸೆಕೆಂಡಿಗೆ ಬರಬೇಕು, ನರ ನಿಧಾನವಾಗಿದ್ದರೆ ತಡವಾಗಿ ಬರುತ್ತದೆ. ದೃಷ್ಟಿ ಮರಳಿದ ಮೇಲೂ ಈ ತಡ ಉಳಿಯುತ್ತದೆ ಅಂತ ಸಂಶೋಧಕ ಹ್ಯಾಲಿಡೆ ಮತ್ತು ಜೊತೆಗಾರರು 1972ರಲ್ಲೇ ತೋರಿಸಿದ್ದಾರೆ. ಇಷ್ಟಾದರೂ "ಟೆನ್ಷನ್" ಅಂದು ಕಳಿಸುವುದು ಬೇಜಾರಿನ ಸಂಗತಿ.

ಇನ್ನೊಬ್ಬರು: ಸರ್, ನನಗೆ ಯಾವ ಕಾಯಿಲೆಯೂ ಇಲ್ಲ. ಒಂದು ಕಣ್ಣಿಗೆ ಕೂಲಿಂಗ್ ಗ್ಲಾಸ್ ಹಿಡಿದೆ, ಬೀಗದ ಕೈ ಸುತ್ತೋಕೆ ಶುರುವಾಯಿತು! ಗಾಬರಿ ಆಯ್ತು.

ಉತ್ತರ: ಗಾಬರಿ ಬೇಡ, ಸುತ್ತಲೇಬೇಕು. ಜರ್ಮನಿಯ ಕಾರ್ಲ್ ಪುಲ್‌ಫ್ರಿಷ್ 1922ರಲ್ಲಿ ಬರೆದದ್ದು ಇದನ್ನೇ. ಪಾಪ, ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಮ್ಮ ಹೆಸರಿನ ಪರಿಣಾಮವನ್ನು ಅವರೇ ನೋಡುವ ಹಾಗಿರಲಿಲ್ಲ.

ಮೊದಲು ಕೇಳಿದವರಿಗೆ ಇನ್ನೊಂದು ಮಾತು: ಕಣ್ಣು ಹೊರಳಿಸಿದಾಗ ನೋವು ಬಂದರೆ, ಕೆಂಪು ಬಣ್ಣ ಮತ್ತೆ ಮಾಸಿದಂತೆ ಕಂಡರೆ, ಇಲ್ಲಿ ಕೇಳುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.