ರಾತ್ರಿ ಹತ್ತೂವರೆಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್: ಎಸಿ ಇರುವವರು, ಇಲ್ಲದವರು ಎಲ್ಲರೂ ಓದಿ

ದಾವಣಗೆರೆ, 2ನೇ ಕ್ರಾಸ್ ನಿವಾಸಿಗಳ ಗುಂಪು. ಮೇ 2025, ಮೊದಲ ವಾರ.

ಮನೆ 22 (ಮೂಲೆ ಮನೆ), ಭಾನುವಾರ ರಾತ್ರಿ 10:41
ಮತ್ತೆ ಹೋಯ್ತು.

ಮನೆ 9, 10:42
ನಮ್ಮದೂ ಹೋಗಿದೆ. ಎದುರು ಸಾಲಿನಲ್ಲಿ ಲೈಟ್ ಇದೆ. ಟಿಸಿಯ ಮೂರು ಫೇಸ್ (ಲೈನ್) ಪೈಕಿ ಒಂದೇ ಹೋಗಿರಬೇಕು.

ಮನೆ 31, 10:44
ನಿನ್ನೆ 10:35, ಇವತ್ತು 10:40. ನಮ್ಮ ಟಿಸಿ ಬಸ್‌ಗಿಂತ ಸರಿಯಾಗಿ ಟೈಮ್ ಪಾಲಿಸುತ್ತಿದೆ.

ಮನೆ 9, 10:47
1912ಕ್ಕೆ ಫೋನ್ ಹಚ್ಚಿದೆ. ಕಂಪ್ಲೇಂಟ್ ನಂಬರ್ ಬಂತು. ಲೈನ್‌ಮನ್ ಬೇರೆ ಕಡೆ ಕಂಬದ ಮೇಲಿದ್ದಾರಂತೆ, ಅರ್ಧ ಗಂಟೆ ಅಂದರು.

ಮನೆ 40 (ಶೀಟ್ ಮನೆ), 10:58
ಒಂದು ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಎಸಿ ಇಲ್ಲ. ಎರಡು ಫ್ಯಾನು, ಒಂದು ಫ್ರಿಜ್ಜು, ಅಷ್ಟೇ. ನಿಮ್ಮ ಎಸಿಗಳಿಗೆ ಫ್ಯೂಸ್ ಹಾರುತ್ತದೆ, ಸೆಕೆ ಮಾತ್ರ ನಮಗೆ. ಮಗುವಿಗೆ ಬೆನ್ನು ತುಂಬ ಬೆವರುಸಾಲೆ. ಪೇಪರ್ ಮಡಚಿ ಗಾಳಿ ಹಾಕುತ್ತಾ ಕೂತಿದ್ದೇನೆ. ಬ್ಯಾಟರಿ ಇರುವ ಮನೆಯವರಿಗೆ ಇದು ಗೊತ್ತಾಗುವುದಿಲ್ಲ.

ಮನೆ 22, 11:06
ನೀವು ಹೇಳಿದ್ದು ಸರಿ ಅಣ್ಣ. ನಮ್ಮ ಮನೆಯಲ್ಲಿ ಎರಡು ಎಸಿ ಇದೆ. ಇವತ್ತು ಎರಡೂ ಓಡುತ್ತಿದ್ದವು.

ಮನೆ 9, 11:31
ಬಂತು.

ಮನೆ 9, 11:36
ಹೋಯ್ತು. ಐದು ನಿಮಿಷಾನೂ ನಿಲ್ಲಲಿಲ್ಲ.

ಮನೆ 5 (ಮೇಷ್ಟ್ರು), ಸೋಮವಾರ ಬೆಳಿಗ್ಗೆ 7:20
ಬೆಳಿಗ್ಗೆ ವಾಕಿಂಗ್‌ನಲ್ಲಿ ಗೋಡೆ ಮೇಲಿನ ಎಸಿ ಡಬ್ಬಗಳನ್ನು ಎಣಿಸಿದೆ. ನಮ್ಮ ಟಿಸಿಗೆ ಸೇರಿದ 63 ಮನೆಗಳಲ್ಲಿ 41 ಎಸಿ. ಐದು ವರ್ಷದ ಹಿಂದೆ ಎಣಿಸಿದ್ದರೆ ಹತ್ತು ಸಿಗುತ್ತಿರಲಿಲ್ಲ.

ಟಿಸಿ ಮೇಲೆ 100 ಕೆವಿಎ ಅಂತ ಬರೆದಿದೆ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುತ್ತದೆ. ಒಂದೂವರೆ ಟನ್ ಎಸಿ ಶುರುವಿನಲ್ಲಿ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 41 ಎಸಿಗೆ 61 ಆಯಿತು. ಅದರ ಮೇಲೆ ಮನೆಗೆ ಅರ್ಧ ಅರ್ಧದಂತೆ ಫ್ಯಾನು, ಫ್ರಿಜ್ಜು, ಟಿವಿ, ಮೋಟಾರು ಸೇರಿಸಿ. 92, 93ಕ್ಕೆ ಬರುತ್ತದೆ. ಮೂರೂ ಫೇಸ್‌ಗೆ ಸಮ ಹಂಚಿದ್ದರೂ ಉಸಿರು ಕಟ್ಟುವ ಲೆಕ್ಕ. ಹಂಚಿಕೆ ಸಮ ಇಲ್ಲ. ಒಂದು ಫೇಸ್‌ಗೆ ಹೆಚ್ಚೆಂದರೆ 33 ಕೆವಿಎ. ನಮ್ಮ ಸಾಲಿನಲ್ಲೇ 22 ಎಸಿ ಇವೆ. ಅವೆಲ್ಲ ಒಂದೇ ಫೇಸ್‌ನಲ್ಲಿದ್ದರೆ ಫ್ಯಾನ್ ಹಾಕುವ ಮೊದಲೇ 33 ಮುಗಿಯಿತು.

ಮನೆ 31, 7:34
ಮೇಷ್ಟ್ರೇ, ಬಂದ ಐದೇ ನಿಮಿಷಕ್ಕೆ ಮತ್ತೆ ಯಾಕೆ ಹೋಗುತ್ತದೆ?

ಮನೆ 5 (ಮೇಷ್ಟ್ರು), 7:41
ಕರೆಂಟ್ ಬಂದ ಮೇಲೆ ಎಸಿ ಕಂಪ್ರೆಸರ್ ಸುಮಾರು ಮೂರು ನಿಮಿಷ ಕಾದು ಶುರುವಾಗುತ್ತದೆ. ಎಲ್ಲರ ಎಸಿಯೂ ಅಷ್ಟೇ ಕಾಯುತ್ತದೆ. ಆಮೇಲೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಅಷ್ಟು ಹೊತ್ತಿಗೆ ಕೋಣೆಗಳು ಮತ್ತೆ ಕಾದಿರುತ್ತವೆ, ಹಾಗಾಗಿ ಎಲ್ಲವೂ ಪೂರ್ತಿ ಜೋರಿನಲ್ಲಿ ಓಡುತ್ತವೆ.

ಮನೆ 14 (ಮೇಲಿನ ಮಹಡಿ, ಬಾಡಿಗೆ), 8:02
ನಮ್ಮದು ಇನ್ವರ್ಟರ್ ಎಸಿ ಸರ್, ಅದಕ್ಕೂ ಹೀಗೇನಾ? ಅಂದಹಾಗೆ ನಮ್ಮ ಮಾವ ಇದನ್ನು ತಂದದ್ದೇ ಕರೆಂಟ್ ಹೋದರೂ ಓಡುತ್ತದೆ ಅಂದುಕೊಂಡು. ಬ್ಯಾಟರಿ ಎಲ್ಲಿ ಅಂತ ಡಬ್ಬದೊಳಗೆ ಹುಡುಕಿದ್ದರು.

ಮನೆ 5 (ಮೇಷ್ಟ್ರು), 8:10
ಮಾವನವರಿಗೆ ನಮಸ್ಕಾರ ಹೇಳಿ. ಇನ್ವರ್ಟರ್ ಎಸಿ ಮೆಲ್ಲಗೆ ಶುರುವಾಗುತ್ತದೆ, ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ನಿಧಾನ ಮಾಡಿಕೊಂಡು ಓಡುತ್ತದೆ. ಹಳೆಯ ಎಸಿ ಹಾಗಲ್ಲ. ಓಡಿದರೆ ಪೂರ್ತಿ, ನಿಂತರೆ ಪೂರ್ತಿ. ಆದರೆ 18ಕ್ಕೆ ಇಟ್ಟರೆ ಇನ್ವರ್ಟರ್ ಆದರೂ ನಿಧಾನ ಮಾಡುವ ಅವಕಾಶವೇ ಸಿಗುವುದಿಲ್ಲ. ರಾತ್ರಿಯಿಡೀ ಓಡುತ್ತಲೇ ಇರುತ್ತದೆ.

ಮನೆ 31, 8:15
18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತದೆ ಅಲ್ವಾ?

ಮನೆ 17, 8:40
ಇಲ್ಲ ಅಣ್ಣ. ಬಿಸಿ ಕೋಣೆಯಲ್ಲಿ 24ಕ್ಕೆ ಇಟ್ಟರೂ ಮೊದಲಿಗೆ ಹೆಚ್ಚು ಕಡಿಮೆ ಅದೇ ಜೋರಿನಲ್ಲಿ ಓಡುತ್ತದೆ. 18ಕ್ಕೆ ಇಟ್ಟರೆ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಎರಡು ತಿಂಗಳಿಂದ ಮೀಟರ್ ಬರೆದಿಡುತ್ತಿದ್ದೇನೆ. ಮನೆಯವರು ನಗುತ್ತಿದ್ದರು. ಮೊನ್ನೆ ಬಿಲ್ ಬಂದ ಮೇಲೆ ನಗು ನಿಂತಿದೆ. ಮಧ್ಯಾಹ್ನ ಅಡುಗೆ ಮುಗಿಸಿ ಪೂರ್ತಿ ಬರೆಯುತ್ತೇನೆ.

ಮನೆ 17, ಮಧ್ಯಾಹ್ನ 2:25
ಉದ್ದ ಆಯಿತು, ಕ್ಷಮಿಸಿ.

ನಮ್ಮ ಮನೆಗೆ ಎಸಿ ಬಿಟ್ಟು ತಿಂಗಳಿಗೆ ಸುಮಾರು 110 ಯೂನಿಟ್. 2022-23ರ ಸರಾಸರಿಯೂ ಅಷ್ಟೇ. ಗೃಹಜ್ಯೋತಿಯಲ್ಲಿ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ನಮಗೆ 121 ಯೂನಿಟ್ ಉಚಿತ. ನಿಮ್ಮದು ಎಷ್ಟು ಅಂತ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ, ನೋಡಿ. 121 ದಾಟಿದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಮೊದಲನೇ ಯೂನಿಟ್‌ನಿಂದ ಎಲ್ಲದಕ್ಕೂ ಕಟ್ಟಬೇಕು. ಹಳೆಯ ಸ್ಲ್ಯಾಬ್ ಈಗ ಇಲ್ಲ, 50ಕ್ಕೆ ಒಂದು ದರ, 100ಕ್ಕೆ ಒಂದು ದರ ಅಂತ ಇನ್ನೂ ಲೆಕ್ಕ ಹಾಕಬೇಡಿ. ಈಗ ಇರುವುದು 200ರ ಹೊಸ್ತಿಲು ಒಂದೇ.

ಮಾರ್ಚ್‌ನಲ್ಲಿ ನಮ್ಮದು 238 ಆಯಿತು. 1,700 ದಾಟಿತು. ಏಪ್ರಿಲ್‌ನಲ್ಲಿ 198. ಐನೂರು ಚಿಲ್ಲರೆ. ಏಪ್ರಿಲ್‌ನಲ್ಲೇ ಇನ್ನು ಐದು ಯೂನಿಟ್ ಜಾಸ್ತಿ ಆಗಿದ್ದರೆ? ಯೂನಿಟ್‌ಗೆ 5.80, ಜೊತೆಗೆ ಹೊಸದಾಗಿ ಬಂದ 36 ಪೈಸೆ, ತೆರಿಗೆ, ಎರಡು ಕಿಲೋವ್ಯಾಟ್‌ನ ಫಿಕ್ಸೆಡ್ ಚಾರ್ಜ್ 290 ಎಲ್ಲ ಸೇರಿ 1,600 ದಾಟುತ್ತಿತ್ತು. ಐದು ಯೂನಿಟ್‌ಗೆ ಸಾವಿರದ ನೂರು! ಅದಕ್ಕೇ ಕೊನೆಯ ವಾರದಲ್ಲಿ ದಿನಾ ಸಂಜೆ ಮೀಟರ್ ನೋಡುತ್ತಿದ್ದೆ.

ಏನು ಮಾಡಿದೆ ಅಂದರೆ:

ಮೊದಲು ಫಿಲ್ಟರ್. ಎಸಿ ಮುಂದಿನ ಮುಚ್ಚಳ ಎತ್ತಿದರೆ ಜಾಲರಿ ಸಿಗುತ್ತದೆ. ಎಳೆದು ಹಿತ್ತಿಲ ನಲ್ಲಿಗೆ ಹಿಡಿದೆ. ಬೂದಿ ಬಣ್ಣದ ಧೂಳು ಕಂಬಳಿ ತುಂಡಿನ ಹಾಗೆ ಒಂದೇ ಪದರವಾಗಿ ಕಳಚಿ ಬಂತು. ಒಂದು ವರ್ಷದ್ದು. ಆ ಕಂಬಳಿ ಹೊದ್ದುಕೊಂಡು ಪಾಪ ಅದು ಗಾಳಿ ಊದುತ್ತಿತ್ತು. ಈಗ ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಟ್ಟರೆ ಸೊಟ್ಟ ಆಗುತ್ತದೆ.

ಆಮೇಲೆ ಮೀಟರ್‌ನ ಕೆಂಪು ದೀಪ. ನಮ್ಮ ಮೀಟರ್ ಮೇಲೆ 3200 ಅಂತ ಬರೆದಿದೆ, ಅಂದರೆ ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ನಿಮ್ಮದರಲ್ಲಿ ಬೇರೆ ಸಂಖ್ಯೆ ಇರಬಹುದು. ರಾತ್ರಿ ಎಸಿ ಒಂದನ್ನು ಬಿಟ್ಟು ಬೇರೆಲ್ಲ ಆರಿಸಿ, ಮೊಬೈಲ್‌ನಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಎಣಿಸಿದೆ. 20 ಡಿಗ್ರಿಗೆ ಇಟ್ಟು ಶುರು ಮಾಡಿದಾಗ 78 ಸಲ. ಅಂದರೆ ಗಂಟೆಗೆ ಹತ್ತಿರ ಒಂದೂವರೆ ಯೂನಿಟ್. 26ಕ್ಕೆ ಇಟ್ಟು ಫ್ಯಾನ್ ಹಾಕಿ, ಒಂದು ಗಂಟೆ ಬಿಟ್ಟು ಎಣಿಸಿದಾಗ 21. ಗಂಟೆಗೆ ಅರ್ಧ ಯೂನಿಟ್‌ಗಿಂತ ಕಡಿಮೆ. ಕಣ್ಣಲ್ಲಿ ನೋಡಿದ ಮೇಲೆ ರಿಮೋಟ್ ಮುಟ್ಟಲು ಯಾರಿಗೂ ಮನಸ್ಸು ಬರಲಿಲ್ಲ. ಮಗ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ.

ಮೂರನೆಯದು ತಾರಸಿ. ನನ್ನ ಪ್ರಕಾರ ಇದೇ ದೊಡ್ಡದು, ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಸಂಜೆ ಏಳಕ್ಕೆ ಸ್ಟೂಲ್ ಹತ್ತಿ ಮಲಗುವ ಕೋಣೆಯ ಆರ್‌ಸಿಸಿಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ರೊಟ್ಟಿ ಹಂಚು ಇಳಿಸಿ ಅರ್ಧ ಗಂಟೆ ಆದ ಹಾಗೆ ಇರುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಒಂದರವರೆಗೂ ಕೋಣೆಗೆ ಬಿಡುತ್ತದೆ. ನಿಮ್ಮ ಎಸಿ ತಣ್ಣಗೆ ಮಾಡುತ್ತಿರುವುದು ನಿಮ್ಮನ್ನಲ್ಲ, ಸಿಮೆಂಟನ್ನು! ನಾವು ತಾರಸಿಗೆ ಎರಡು ಕೈ ಸುಣ್ಣ ಹೊಡೆದೆವು, ಅಂಟು ಬೆರೆಸಿ. ಮಲಗುವ ಕೋಣೆಯ ಮೇಲೆ ಮಾತ್ರ ತೆಂಗಿನ ಗರಿ ಹಾಸಿದೆವು. ತೋಟದವರು ಗರಿಗೆ ದುಡ್ಡು ತಗೊಳ್ಳಲಿಲ್ಲ. ಏಳರಿಂದ ಒಂಬತ್ತರವರೆಗೆ ಕಿಟಕಿ ಪೂರ್ತಿ ತೆರೆದು ಒಳಗಿನ ಬಿಸಿ ಹೊರಗೆ ಹಾಕಿ, ಆಮೇಲೆ ಎಸಿ. ಬೆಳಗಿನ ಮೂರೂವರೆಗೆ ಟೈಮರ್. ಆಮೇಲೆ ಫ್ಯಾನ್ ಸಾಕು.

ಮಾರ್ಚ್‌ನ ಮೊದಲ ವಾರ ರಾತ್ರಿಗೆ ಏಳು ಯೂನಿಟ್ ಓಡುತ್ತಿತ್ತು. ಏಪ್ರಿಲ್‌ನಲ್ಲಿ ಮೂರು ದಾಟಲಿಲ್ಲ.

ಮನೆ 26, 2:51
ಅಕ್ಕ, ನಮ್ಮಲ್ಲಿ ಅತ್ತೆಗೆ 82 ವರ್ಷ. ಮೂರೂವರೆಗೆ ಎಸಿ ನಿಂತರೆ ಎದ್ದು ಕೂರುತ್ತಾರೆ.

ಮನೆ 17, 2:58
ಅಜ್ಜಿ ಕೋಣೆಯ ಎಸಿ ದಯವಿಟ್ಟು ನಿಲ್ಲಿಸಬೇಡಿ. ನಾನು ಹೇಳುತ್ತಿರುವುದು ಗಟ್ಟಿಮುಟ್ಟಾಗಿದ್ದು 18ಕ್ಕೆ ಇಟ್ಟು ರಗ್ಗು ಹೊದ್ದು ಮಲಗುವವರಿಗೆ.

ಮನೆ 31, 3:05
ಯಾರನ್ನು ಹೇಳಿದ್ದು ಅಂತ ಗೊತ್ತಾಯಿತು.

ಮನೆ 12, 3:30
ಎಲ್ಲರೂ ಕೂಲರ್‌ಗೆ ಬದಲಾದರೆ? ನಮ್ಮ ಕಡೆ ಒಣ ಸೆಕೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಸಿ ತಿನ್ನುವುದರಲ್ಲಿ ಕಾಲು ಭಾಗವೂ ಬೇಡ. ಮಂಗಳೂರಿನ ನನ್ನ ತಂಗಿ ಮನೆಯಲ್ಲಿ ಕೂಲರ್ ಹಾಕಿದರೆ ಬೆವರು ಇನ್ನೂ ಜಾಸ್ತಿ ಅಂಟುತ್ತದೆ, ಅಲ್ಲಿ ಆಗುವುದಿಲ್ಲ. ಇಲ್ಲಿ ಕಿಟಕಿ ತೆರೆದಿಟ್ಟು ಹಾಕಬೇಕು, ಅಷ್ಟೇ.

ಮನೆ 9, 3:38
ಬೋರಿನಲ್ಲಿ ನೀರಿದ್ದರೆ ತಾನೇ.

ಮನೆ 12, 3:40
ಅದೂ ನಿಜ.

ಮನೆ 31, 4:12
ಸೋಲಾರ್ ಹಾಕಿಸಿದರೆ? ಕೇಂದ್ರದ ಸೂರ್ಯಘರ್‌ನಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ.

ಮನೆ 5 (ಮೇಷ್ಟ್ರು), 4:30
ಬಿಲ್ ಇಳಿಯುತ್ತದೆ, ಹಾಕಿಸಿ. ಆದರೆ ರಾತ್ರಿ ಹತ್ತೂವರೆಗೆ ಸೂರ್ಯ ಇರುವುದಿಲ್ಲ. ಟಿಸಿ ಮೇಲಿನ ಭಾರ ಹಾಗೇ ಇರುತ್ತದೆ.

ಈಗ ಟಿಸಿ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಬೆಸ್ಕಾಂನ ಸೆಕ್ಷನ್ ಆಫೀಸ್‌ಗೆ ಹೋಗಿದ್ದೆ. ಎರಡು ಮಾತು ಹೇಳಿದರು. ಒಂದು, ಫೇಸ್ ಬದಲಾಯಿಸುವುದು ಸುಲಭ. ಅರ್ಜಿ ಕೊಟ್ಟರೆ ಲೈನ್‌ಮನ್ ಕಂಬದಲ್ಲೇ ಕೆಲವು ಮನೆಗಳ ವೈರನ್ನು ಖಾಲಿ ಇರುವ ಫೇಸ್‌ಗೆ ಕೊಡುತ್ತಾರೆ. ಎರಡನೆಯದು ಕಷ್ಟದ್ದು. ದೊಡ್ಡ ಟಿಸಿ ಕೇಳಿದರೆ ಅವರು ಪುಸ್ತಕ ತೆರೆದು ತೋರಿಸುತ್ತಾರೆ. ನಾವೆಲ್ಲ ಮನೆ ಕಟ್ಟಿದಾಗ ನಮ್ಮ ಲೋಡ್ ಅಂತ ಬರೆಸಿದ್ದು ಒಂದು ಕಿಲೋವ್ಯಾಟ್, ಎರಡು ಕಿಲೋವ್ಯಾಟ್. ಪುಸ್ತಕದಲ್ಲಿ 63 ಮನೆ ಸೇರಿ 95 ಕೂಡ ಇಲ್ಲ. ಆ 41 ಎಸಿ ಗೋಡೆ ಮೇಲಿವೆ, ಪುಸ್ತಕದಲ್ಲಿಲ್ಲ. ಲೋಡ್ ಇಲ್ಲ ಅಂದರೆ ದೊಡ್ಡ ಟಿಸಿ ಯಾಕೆ ಅಂತ ಅವರ ಪ್ರಶ್ನೆ.

ಮನೆ 22, 4:44
ಲೋಡ್ ಜಾಸ್ತಿ ಬರೆಸಿದರೆ ಫಿಕ್ಸೆಡ್ ಚಾರ್ಜ್ ಜಾಸ್ತಿ. ಕಿಲೋವ್ಯಾಟ್‌ಗೆ 120 ಇದ್ದದ್ದು ಏಪ್ರಿಲ್‌ನಿಂದ 145 ಆಗಿದೆ. ಬಿಲ್ ಉಳಿಸುವುದು ಹೇಗೆ ಅಂತ ಮಾತಾಡುತ್ತಾ ಇದ್ದೀವಿ, ನೀವು ಜಾಸ್ತಿ ಕಟ್ಟಿ ಅಂತೀರಲ್ಲ ಮೇಷ್ಟ್ರೇ!

ಮನೆ 5 (ಮೇಷ್ಟ್ರು), 4:52
ಹೆಚ್ಚಿಸುವ ಒಂದೊಂದು ಕಿಲೋವ್ಯಾಟ್‌ಗೆ ವರ್ಷಕ್ಕೆ 1,740, ಜೊತೆಗೆ ಒಂದು ಸಲದ ಡಿಪಾಸಿಟ್. ಇಷ್ಟ ಇಲ್ಲದ ಮಾತು, ಗೊತ್ತು. ಆದರೆ ಎರಡು ಎಸಿ ಇಟ್ಟುಕೊಂಡು ಎರಡು ಕಿಲೋವ್ಯಾಟ್ ಅಂತ ಬರೆಸಿದ್ದರೆ, ಉಳಿದ ಭಾರ ಯಾರ ಪಾಲಿನಿಂದ ಹೋಗುತ್ತಿದೆ ಹೇಳಿ. 40ನೇ ನಂಬರ್ ಮನೆಯ ಎರಡು ಫ್ಯಾನಿನ ಪಾಲಿನಿಂದ.

ಮನೆ 40 (ಶೀಟ್ ಮನೆ), 5:20
ನಾನು ಜಗಳಕ್ಕೆ ಹೇಳಿದ್ದಲ್ಲ ಮೇಷ್ಟ್ರೇ.

ಮನೆ 22, 6:15
ನಮ್ಮ ಬಿಲ್ ನೋಡಿದೆ. ಎಂಡಿ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡ್) ಅಂತ ಒಂದು ಸಾಲಿದೆ, ಅಲ್ಲಿ 3.8 ಅಂತ ಇದೆ. ಬರೆಸಿದ್ದು 2. ಸರಿ, ನಾನು ಒಂದು ಕಿಲೋವ್ಯಾಟ್ ಹೆಚ್ಚಿಸುತ್ತೇನೆ. ಇನ್ನೊಂದು ಎಸಿಯನ್ನು ಹತ್ತೂವರೆಯ ಹೊತ್ತಿಗೆ ಹಾಕುವುದಿಲ್ಲ. ಎರಡೂ ಮಕ್ಕಳು ನಮ್ಮ ಕೋಣೆಯಲ್ಲೇ ಮಲಗಲಿ, ರಜಾ ಹೇಗೂ ಇದೆ.

ಮನೆ 17, 7:05
ಇವತ್ತು ರಾತ್ರಿಯಿಂದಲೇ ಒಂದು ಕೆಲಸ ಮಾಡೋಣ. ಬೆಸ ನಂಬರ್ ಮನೆಯವರು ಒಂಬತ್ತೂವರೆಗೆ ಎಸಿ ಹಾಕಿ, ಸಮ ನಂಬರ್‌ನವರು ಹತ್ತೂವರೆಗೆ. ಅಷ್ಟು ಹೊತ್ತಿಗೆ ಮೊದಲಿನವರ ಕೋಣೆ ತಣ್ಣಗಾಗಿ ಎಸಿ ಇಳಿದಿರುತ್ತದೆ. ಯಾರೂ 25ಕ್ಕಿಂತ ಕೆಳಗೆ ಇಡಬೇಡಿ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಸುಮಾರು ಆರು ಉಳಿಯುತ್ತದೆ ಅಂತ ಬಿಇಇ (ವಿದ್ಯುತ್ ಉಳಿತಾಯ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಹೇಳುತ್ತದೆ. 2020ರಿಂದ ಬಂದ ಎಸಿಗಳನ್ನು 24ರಲ್ಲೇ ಶುರುವಾಗುವ ಹಾಗೆ ಮಾಡಿರುವುದೂ ಅದಕ್ಕೇ. ನಾವೇ ರಿಮೋಟ್ ಒತ್ತಿ ಒತ್ತಿ ಇಳಿಸುತ್ತೇವೆ. ಕರೆಂಟ್ ಹೋಗಿ ಬಂದರೆ ಸಮ ನಂಬರ್‌ನವರು ಕಾಲು ಗಂಟೆ ಎಸಿ ಸ್ವಿಚ್ ಆಫ್ ಮಾಡಿಟ್ಟಿರಿ. ಎಸಿ ಓಡುವಾಗ ನೀರಿನ ಮೋಟಾರು, ಇಸ್ತ್ರಿ ಬೇಡ.

ಮನೆ 14, 7:12
ನಮ್ಮ ಓನರ್ ಸಬ್ ಮೀಟರ್‌ಗೆ ಯೂನಿಟ್‌ಗೆ ಹತ್ತು ರೂಪಾಯಿ ತಗೊಳ್ಳುತ್ತಾರೆ. ನಾನು ನೀವು ಹೇಳದಿದ್ದರೂ 27ರಲ್ಲೇ ಇಡುತ್ತೇನೆ ಅಕ್ಕ.

ಮನೆ 9, ರಾತ್ರಿ 11:10
ಇನ್ನೂ ಇದೆ. ಯಾರೂ ಕಣ್ಣು ಹಾಕಬೇಡಿ.

ಮನೆ 9, 11:48
ಹೋಯ್ತು.

ಮನೆ 31, 11:50
ನಾನಲ್ಲ. ನಾನು 25ರಲ್ಲೇ ಇದ್ದೇನೆ, ಫೋಟೋ ಬೇಕಾದರೆ ಹಾಕುತ್ತೇನೆ.

ಮನೆ 5 (ಮೇಷ್ಟ್ರು), ಗುರುವಾರ ಸಂಜೆ 6:30
ಮಂಗಳವಾರ ಅರ್ಜಿ ಕೊಟ್ಟೆವು, ಇವತ್ತು ಲೈನ್‌ಮನ್ ಬಂದು ನಮ್ಮ ಸಾಲಿನ ಎಂಟು ಮನೆಗಳ ಫೇಸ್ ಬದಲಾಯಿಸಿದರು. ಒಂದೂವರೆ ಗಂಟೆ ಬಿಸಿಲಲ್ಲಿ ಕಂಬದ ಮೇಲಿದ್ದರು. 40ನೇ ಮನೆಯಿಂದ ಮಜ್ಜಿಗೆ ಬಂತು.

ಮನೆ 22, ರಾತ್ರಿ 10:50
ಸ್ಟೆಬಿಲೈಸರ್ 212 ವೋಲ್ಟ್ ತೋರಿಸುತ್ತಿದೆ. ಹೋದ ವಾರ ಇದೇ ಹೊತ್ತಿಗೆ 174 ಇತ್ತು.

ಮನೆ 40 (ಶೀಟ್ ಮನೆ), 10:55
ನಮ್ಮ ಫ್ಯಾನ್ ಇಷ್ಟು ಜೋರಾಗಿ ತಿರುಗುತ್ತದೆ ಅಂತ ಮರೆತೇ ಹೋಗಿತ್ತು.

ಮನೆ 5 (ಮೇಷ್ಟ್ರು), ಶುಕ್ರವಾರ ಬೆಳಿಗ್ಗೆ 7:15
ಇದು ತಾತ್ಕಾಲಿಕ. ದೊಡ್ಡ ಟಿಸಿ ಅರ್ಜಿ ಸೋಮವಾರ ಕೊಡಬೇಕು. ಲೋಡ್ ಹೆಚ್ಚಿಸಲು ಇದುವರೆಗೆ 19 ಮನೆಯವರು ಒಪ್ಪಿದ್ದಾರೆ. ಬಿಲ್ಲಿನ ಮೇಲ್ಗಡೆ ಇರುವ, ನಿಮ್ಮ ಮೀಟರ್ ಸಂಪರ್ಕದ ಆರ್‌ಆರ್ ನಂಬರನ್ನು ನನಗೆ ಬೇರೆಯಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಒಪ್ಪಿದವರಲ್ಲಿ 8, 31, 33 ಇನ್ನೂ ಕಳಿಸಿಲ್ಲ.

ಮನೆ 31, 7:18
ಬಿಲ್ ಹುಡುಕುತ್ತಿದ್ದೇನೆ ಮೇಷ್ಟ್ರೇ. ಹಾಲಿನವನ ಲೆಕ್ಕ ಬರೆದು ಎಲ್ಲೋ ಇಟ್ಟಿದ್ದಾರೆ.