‘ಬಂತು’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಬರೀ ‘ಕೇಮ್’ ಅಂದರೆ ಸಾಲಲ್ವಾ?

ಕಾಫಿತೋಟ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಮೂರೇ ರೂಮು. ಬರುವವರಲ್ಲಿ ಹೊರರಾಜ್ಯದವರೇ ಜಾಸ್ತಿ. ಹಿಂದಿ ನನಗೆ ಬರುವುದಿಲ್ಲ, ಇಂಗ್ಲಿಷ್‌ನಲ್ಲಿ ಹೇಗೋ ಗಾಡಿ ಓಡಿಸುತ್ತೇನೆ. ಈಗ ಹೇಳುವುದನ್ನು ಕೇಳಿ ನಗಬೇಡಿ.

ಹೋದ ವಾರ ರಾತ್ರಿ ಆನೆ ಬಂದು, ಬೇಲಿ ಮುರಿದು, ಬಾಳೆ ತಿಂದು ಹೋಗಿತ್ತು. ಬೆಳಗ್ಗೆ ಕಡುಬು ಬಡಿಸುತ್ತಾ ಗೆಸ್ಟ್‌ಗಳಿಗೆ ವಿಷಯ ಹೇಳಿದೆ: ‘ಲಾಸ್ಟ್ ನೈಟ್ ಕೇಮ್. ಬ್ರೋಕ್ ದಿ ಫೆನ್ಸ್. ವೆಂಟ್.’ ಆ ಹೆಂಗಸು ತುತ್ತು ಕೈಯಲ್ಲೇ ಹಿಡಿದುಕೊಂಡು ‘ಹೂ?’ ಅಂದರು. ಕಳ್ಳ ಬಂದಿದ್ದ ಅಂದುಕೊಂಡಿದ್ದಾರೆ ಪಾಪ! ಗಂಡ ಎದ್ದು ಹೋಗಿ ರೂಮಿನಲ್ಲಿ ಬ್ಯಾಗು ನೋಡಿಕೊಂಡು ಬಂದರು.

ಅವತ್ತೇ ಇನ್ನೊಂದಾಯಿತು. ನಿಮ್ಮ ತಂದೆ ಎಲ್ಲಿ ಅಂತ ಕೇಳಿದರು. ‘ದೇ ವೆಂಟ್ ಟು ಹಾಸನ್’ ಅಂದೆ. ಜೊತೆಗೆ ಇನ್ಯಾರು ಹೋದರು ಅಂತ ಕೇಳಿದರು. ಏನು ಮಾಡಲಿ, ಅಪ್ಪನನ್ನು ‘ಹಿ’ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ‘ಅವನು ಹೋದ’ ಅಂದ ಹಾಗೆ ಕೇಳಿಸುತ್ತೆ.

ಇದು ಸಾಲದು ಅಂತ ‘ಹಿ ಡಿಡಂಟ್ ಕೇಮ್’ ಅಂದಾಗಲೆಲ್ಲ ಎಂಟನೇ ಕ್ಲಾಸಿನ ಮಗಳು ತಿದ್ದುತ್ತಾಳೆ. ಯಾಕಮ್ಮಾ ಅಂದರೆ ‘ರೂಲ್ ಅಪ್ಪಾ’ ಅಂತಾಳೆ. ನಿನ್ನೆ ನಡೆದದ್ದು ತಾನೇ, ‘ಕೇಮ್’ ಯಾಕಾಗಬಾರದು? ಯಾರಾದರೂ ಬಿಡಿಸಿ ಹೇಳಿ.

ತಿಪಟೂರು ಮೇಷ್ಟ್ರು

ತೋಟದವರೇ, ನಕ್ಕೆ, ಕ್ಷಮಿಸಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು ನಾನು. ನಿಮ್ಮ ತಪ್ಪುಗಳೆಲ್ಲ ಅಪ್ಪಟ ಕನ್ನಡದ ತಪ್ಪುಗಳು.

ನಮ್ಮಲ್ಲಿ ಯಾರು ಅನ್ನುವುದು ಕ್ರಿಯಾಪದದ ಬಾಲದಲ್ಲೇ ಇರುತ್ತೆ. ಬಂದೆ, ಬಂದೆವು, ಬಂದಿರಿ, ಬಂದ, ಬಂದಳು, ಬಂತು, ಬಂದರು. ‘ಬಂತು’ ಅಂದ ಕೂಡಲೇ ಮನುಷ್ಯ ಅಲ್ಲ ಅಂತ ಗೊತ್ತಾಯಿತು. ನಿಮ್ಮ ಊರಲ್ಲಿ ರಾತ್ರಿ ‘ಬಂತು’ ಅಂದರೆ ಏನು ಬಂತು ಅಂತ ಕೇಳುವವರೂ ಇರಲಿಕ್ಕಿಲ್ಲ. ಇಂಗ್ಲಿಷಿನ ‘ಕೇಮ್’ಗೆ ಬಾಲವೇ ಇಲ್ಲ. ಐ ಕೇಮ್, ಶಿ ಕೇಮ್, ಇಟ್ ಕೇಮ್, ದೇ ಕೇಮ್, ಎಲ್ಲಕ್ಕೂ ಅದೇ ಮುಖ. ಹಾಗಾಗಿ ಯಾರು ಅನ್ನುವುದನ್ನು ಮುಂದೆ ಹಾಕಲೇಬೇಕು. ‘ಆನ್ ಎಲಿಫೆಂಟ್ ಕೇಮ್. ಇಟ್ ಬ್ರೋಕ್ ದಿ ಫೆನ್ಸ್’ ಅಂದಿದ್ದರೆ ಅವರು ಕಡುಬು ಬಿಟ್ಟು ಏಳುತ್ತಿರಲಿಲ್ಲ. ಎದ್ದಿದ್ದರೂ ಕ್ಯಾಮೆರಾ ತರುವುದಕ್ಕೆ!

ಅಪ್ಪನ ವಿಷಯ. ಮರ್ಯಾದೆಗೆ ಬಹುವಚನ ನಮ್ಮ ಲೆಕ್ಕ, ‘ಹಿ’ಗೆ ಆ ಲೆಕ್ಕ ಇಲ್ಲ. ರಾಜನಿಗೂ ‘ಹಿ’, ಕಳ್ಳನಿಗೂ ‘ಹಿ’. ಧೈರ್ಯವಾಗಿ ಅನ್ನಿ, ಅಪ್ಪ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ‘ಡಿಡಂಟ್ ಕೇಮ್’. ‘ಬಂದ’ಕ್ಕೆ ಇಲ್ಲ ಅನ್ನುವಾಗ ನೀವು ‘ಬಂದಲಿಲ್ಲ’ ಅಂತೀರಾ? ‘ಬರಲಿಲ್ಲ’ ಅಂತೀರಿ. ‘ಬರಲು’ ಅನ್ನುವ ಬೋಳು ರೂಪಕ್ಕೆ ‘ಇಲ್ಲ’ ಸೇರಿದೆ, ಅಷ್ಟೇ. ಇಂಗ್ಲಿಷಿನಲ್ಲೂ ‘ಡಿಡ್’ ಒಂದೇ ಕಾಲವನ್ನು ಹೊರುತ್ತೆ, ‘ಕಮ್’ ಬೋಳಾಗೇ ಉಳಿಯುತ್ತೆ. ಇನ್ನೂ ಮಜಾ ನೋಡಿ. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಇಲ್ಲಿ ನಮ್ಮ ಕ್ರಿಯಾಪದಕ್ಕೂ ಬಾಲ ಬಿದ್ದುಹೋಯಿತು! ಸುಮ್ನೆ ‘ಬರಲಿಲ್ಲ’ ಅಂದರೆ ನಮ್ಮವರೂ ‘ಯಾರು?’ ಅಂತ ಕೇಳ್ತಾರೆ. ನಿಮ್ಮ ಗೆಸ್ಟ್ ಕೇಳಿದ್ದೂ ಅದನ್ನೇ.

ಲೀಡ್ಸ್‌ನಲ್ಲಿ ಉಡುಪಿ ನರ್ಸ್

ಮೇಷ್ಟ್ರು ಹೇಳಿದ್ದು ಸರಿ, ಆದರೆ ಇಲ್ಲಿ ಇಂಗ್ಲೆಂಡಿನವರೂ ‘ಐ’ ಬಿಡುತ್ತಾರೆ ಮಾರಾಯ್ರೆ. ಮೊಬೈಲಿನಲ್ಲಿ ‘ಮಿಸ್ಡ್ ದಿ ಬಸ್’ ಅಂತಷ್ಟೇ ಮೆಸೇಜ್ ಬರುತ್ತದೆ. ಕಳಿಸಿದವಳೇ ಬಸ್ ಮಿಸ್ ಮಾಡಿಕೊಂಡದ್ದು ಅಂತ ನಾವೇ ತಿಳಿಯಬೇಕು. ವಾರ್ಡಿನ ಚಾರ್ಟಿನಲ್ಲೂ ‘ಸ್ಲೆಪ್ಟ್ ವೆಲ್’ ಅಂತ ಬರೆದರೆ ಸಾಕು, ಮೇಲೆ ಪೇಷಂಟ್ ಹೆಸರು ಉಂಟಲ್ಲ. ಬಾಯಲ್ಲಿ ಡ್ಯೂಟಿ ಒಪ್ಪಿಸುವಾಗ ಮಾತ್ರ ಹಿ, ಶಿ ಬಿಟ್ಟರೆ ಆಗುವುದಿಲ್ಲ. ಆರು ಬೆಡ್ಡಿನ ಕಥೆ ಒಟ್ಟಿಗೆ ಹೇಳುವಾಗ ಯಾರು ಮಲಗಿದ್ದು, ಯಾರು ವಾಂತಿ ಮಾಡಿದ್ದು ಅಂತ ಗೊತ್ತಾಗಬೇಕಲ್ಲ.

ನನ್ನ ತಲೆ ತಿಂದದ್ದು ‘ವಾಸ್’ ಮತ್ತು ‘ವರ್’. ಶಾಲೆಯಲ್ಲಿ ‘ಐ ವಾಸ್’ ಅಂತ ಉರು ಹೊಡೆದು ಬಂದರೆ, ಇಲ್ಲಿನ ಯಾರ್ಕ್‌ಶೈರ್ ಅಜ್ಜಂದಿರು ‘ಐ ವರ್’, ‘ಇಟ್ ವರ್’ ಅನ್ನುತ್ತಾರೆ. ಮೊದಲ ತಿಂಗಳು ನಾನೇ ತಪ್ಪು ಕಲಿತದ್ದು ಅಂತ ಹೆದರಿದ್ದೆ.

ತಿಪಟೂರು ಮೇಷ್ಟ್ರು

ಅಜ್ಜಂದಿರದು ಅವರ ಊರಿನ ಮಾತು ತಾಯಿ, ಅದನ್ನು ತಪ್ಪು ಅನ್ನಬಾರದು. ಭೂತಕಾಲದಲ್ಲಿ ಆಳು ನೋಡಿ ರೂಪ ಬದಲಿಸುವ ಇಂಗ್ಲಿಷ್ ಕ್ರಿಯಾಪದ ಈಗ ಉಳಿದಿರುವುದು ಅದೊಂದೇ. ಹಳೆಯ ಇಂಗ್ಲಿಷಿನಲ್ಲಿ ಬೇರೆಯವಕ್ಕೂ ಬಾಲ ಇತ್ತು, ಸವೆದುಹೋಯಿತು.

ಒಬ್ಬರಿಗೇ ಹೇಳಿದರೂ ‘ಯೂ ವರ್’ ಯಾಕೆ ಅಂದರೆ, ‘ಯೂ’ ಮೊದಲು ಬಹುವಚನ. ‘ನೀನು’ ಅನ್ನುವುದಕ್ಕೆ ‘ದೌ’ ಅಂತ ಬೇರೆಯೇ ಇತ್ತು. ಮರ್ಯಾದೆಗೆ ಅಂತ ಒಬ್ಬರಿಗೂ ‘ಯೂ’ ಅನ್ನಲು ಶುರುಮಾಡಿದರು, ನಮ್ಮ ‘ನೀವು’ ಹಾಗೆ. ನಡುವೆ ಒಬ್ಬರಿಗಾದರೆ ‘ಯೂ ವಾಸ್’ ಅಂತ ಬರೆಯುವವರೂ ಇದ್ದರು. 1762ರಲ್ಲಿ ರಾಬರ್ಟ್ ಲೌತ್ ತಮ್ಮ ವ್ಯಾಕರಣದ ಪುಸ್ತಕದಲ್ಲಿ ಅದು ದೊಡ್ಡ ತಪ್ಪು ಅಂತ ಬೈದರು. ನನಗೇನೋ ಆ ‘ವಾಸ್’ ಲೆಕ್ಕಕ್ಕೆ ಸರಿ ಅನ್ನಿಸುತ್ತೆ. ಪರೀಕ್ಷೆಯಲ್ಲಿ ಬರೆದಿದ್ದರೆ ಮಾತ್ರ ಮಾರ್ಕ್ಸ್ ಕೊಡುತ್ತಿರಲಿಲ್ಲ.

ಕಾಫಿತೋಟ, ಸಕಲೇಶಪುರ

ಮೇಷ್ಟ್ರೇ, ‘ಬಂದಲಿಲ್ಲ’ ಅಂತ ಮಗಳಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ನನಗೆ ‘ಡಿಡಂಟ್ ಕಮ್’ ತಲೆಯಲ್ಲಿ ಕೂತಿತು.

ನಿನ್ನೆ ಪುಣೆಯಿಂದ ಬಂದವರು ರಾತ್ರಿ ಒಂದು ಗಂಟೆವರೆಗೆ ಜಗಲಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದರಂತೆ. ಬೆಳಗ್ಗೆ ಕಾಫಿ ಕೊಡುವಾಗ ಎಲಿಫೆಂಟ್ ಏನಾಯಿತು ಅಂತ ಕೇಳಿದರು. ‘ಇಟ್ ಡಿಡಂಟ್ ಕಮ್’ ಅಂದೆ. ಒಂದೂ ತಪ್ಪಿಲ್ಲ. ಅವರ ಮುಖ ಮಾತ್ರ ಸಪ್ಪಗಾಯಿತು.